ಫಲಕ ಬರೆಸುವವರಿಗೆ ಕುಡ್ಲದಿಂದ ಒಂದು ಬಹಿರಂಗ ಪತ್ರ

ನಮ್ಮ ಊರಾದ ಮಂಗಳೂರಿನ ಹಳೆಯ ಜಾಗಗಳಿಗೆ ಫಲಕ ಬರೆಸುವ ಇಲಾಖೆಯವರಿಗೆ, ಸಮಿತಿಯವರಿಗೆ, ದಾನಿಗಳಿಗೆ, ಮತ್ತು ಅದನ್ನು ನಿಂತು ಓದುವ ಪುರುಸೊತ್ತು ಇನ್ನೂ ಉಳಿಸಿಕೊಂಡಿರುವ ಊರವರಿಗೆ,

ಮಾನ್ಯರೇ,

ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ತಂಗಿಯ ಮೊಮ್ಮಗಳು ರಜೆಗೆ ಬಂದಿದ್ದಳು. ಸಂಜೆ ಅವಳನ್ನು ಬೋಳೂರಿನ ಸುಲ್ತಾನ್ ಬತ್ತೇರಿಗೆ ಕರೆದುಕೊಂಡು ಹೋದೆ. ಕರಿಕಲ್ಲಿನ ಆ ಪುಟ್ಟ ಬುರುಜು ಹತ್ತಿ, ತೋಪಿನ ಕಿಂಡಿಯಲ್ಲಿ ಮುಖವಿಟ್ಟು, ಗುರುಪುರ ಹೊಳೆಯಾಚೆಗಿನ ತಣ್ಣೀರುಬಾವಿಯನ್ನು ನೋಡಿ ಅವಳು ಕೇಳಿದಳು: "ಅಜ್ಜ, ಟಿಪ್ಪು ಇಲ್ಲಿಂದ ಯಾರಿಗೆ ಗುಂಡು ಹೊಡೀಬೇಕು ಅಂತ ಇದ್ದ?" ಇಂಗ್ಲಿಷರ ಹಡಗು ಹೊಳೆಯೊಳಗೆ ಬರದ ಹಾಗೆ ಕಾಯಲಿಕ್ಕೆ ಕಟ್ಟಿಸಿದ್ದು ಎಂದೆ. ಅಷ್ಟಕ್ಕೆ ಬಿಡಲಿಲ್ಲ. "ಹಾಗಾದ್ರೆ ಊರಿನವರು ಯಾರ ಕಡೆ ಇದ್ರು?"

ಹೇಳಲಿಕ್ಕೆ ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಯಾವ ಊರಿನವರು? ಬಂದರಿನ ಬ್ಯಾರಿ ಮುಸ್ಲಿಮರೋ, ರಥಬೀದಿಯ ಕೊಂಕಣಿಗರೋ, ಮಿಲಾಗ್ರಿಸ್ ಇಗರ್ಜಿಯ ಪೊರ್ಬುಗಳೆಂಬ ಕೊಂಕಣಿ ಕ್ರೈಸ್ತರೋ, ಗುತ್ತಿನ ಮನೆಯ ಬಂಟರೋ, ಮೊಗವೀರರೋ, ಬಿಲ್ಲವರೋ, ಮೂಡಬಿದಿರೆಯಿಂದ ವ್ಯಾಪಾರಕ್ಕೆ ಬರುತ್ತಿದ್ದ ಜೈನ ಸೆಟ್ಟರೋ? ಅಷ್ಟರಲ್ಲಿ ದೋಣಿ ಹೊರಡುವ ಹೊತ್ತಾಗಿ ಅವಳು ಓಡಿದಳು. ಅವಳಿಗೆ ಕೊಡಲಾಗದ ಉತ್ತರವನ್ನು ನಿಮಗೆ ಬರೆಯುತ್ತಿದ್ದೇನೆ, ಯಾಕೆಂದರೆ ಹಳೆಯ ಗೋಡೆಯ ಪಕ್ಕ ಕಬ್ಬಿಣದ ಕಂಬ ನೆಟ್ಟು ನಾಲ್ಕು ಸಾಲು ಬರೆಸುವ ಅಧಿಕಾರ ನಿಮ್ಮ ಕೈಯಲ್ಲಿದೆ. ನಾವು ಸಾಮಾನ್ಯವಾಗಿ ಬರೆಸುವುದು ಏನು? ಒಬ್ಬ ಅರಸನ ಹೆಸರು, ಒಂದು ಇಸವಿ, "ಇಲ್ಲಿ ಉಗುಳಬಾರದು". ಅರಸರ ಹೆಸರು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಮಂಗಳೂರಿನಂಥ ಊರಲ್ಲಿ ಅರಸ ಬದಲಾದಾಗಲೆಲ್ಲ ಆ ಹುಡುಗಿ ಕೇಳಿದ ಪ್ರಶ್ನೆಯನ್ನು ಯಾರೋ ಯಾರನ್ನೋ ಕೇಳಿದ್ದಾರೆ: ನೀನು ಯಾರ ಕಡೆ? ಅವಳು ಕುತೂಹಲಕ್ಕೆ ಕೇಳಿದಳು. ಅವರು ಕತ್ತಿ ಹಿಡಿದು ಕೇಳಿದರು. ಆ ಪ್ರಶ್ನೆ ಯಾರನ್ನು ಕೇಳಲಾಯಿತು, ಉತ್ತರಕ್ಕೆ ಯಾರು ತಲೆ ಕೊಟ್ಟರು ಎಂಬುದೂ ಫಲಕದಲ್ಲಿ ಇರಬೇಕು ಎಂಬುದೊಂದೇ ನನ್ನ ಕೋರಿಕೆ.

ನಾನು ಇತಿಹಾಸದ ಪ್ರೊಫೆಸರ್ ಅಲ್ಲ. ಬಂದರಿನ ಅಕ್ಕಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದವರ ಮಗ. ನನ್ನ ಅಪ್ಪ ಹಮಾಲಿಗಳ ಹತ್ತಿರ ತುಳುವಿನಲ್ಲಿ ಜಗಳಾಡಿ, ಸಾಹುಕಾರರ ಹತ್ತಿರ ಕೊಂಕಣಿಯಲ್ಲಿ ಮಾತಾಡಿ, ಮಂಜಿ ಹಡಗಿನ ಬ್ಯಾರಿ ತಂಡೇಲರ ಹತ್ತಿರ ಬ್ಯಾರಿಯಲ್ಲೇ ನಗೆಯಾಡಿ, ಸಂಜೆ ಕೂತು ಕನ್ನಡದಲ್ಲಿ ಲೆಕ್ಕ ಬರೆಯುತ್ತಿದ್ದರು. ಸರಕಾರಿ ಕಾಗದ ಬಂದರೆ ಇಂಗ್ಲಿಷ್ ಓದಿಸಲಿಕ್ಕೆ ಮಾತ್ರ ಇನ್ನೊಬ್ಬರನ್ನು ಹುಡುಕಬೇಕಾಗುತ್ತಿತ್ತು. ಅದೇನು ದೊಡ್ಡ ಸಾಧನೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಈ ಊರಿಗೂ ಹೆಸರು ಒಂದೇ ಅಲ್ಲವಲ್ಲ: ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲಯಾಳಿಗಳಿಗೆ ಮಂಗಲಾಪುರಂ, ಹಳೆಯ ಅರಬ್ಬರಿಗೆ ಮಂಜರೂರ್. 2014ರ ನವೆಂಬರ್ 1ರಂದು ಸರಕಾರ ಇಂಗ್ಲಿಷಿನ ಸ್ಪೆಲ್ಲಿಂಗನ್ನು ಮಂಗಳೂರು ಎಂದು ತಿದ್ದಿದಾಗ ನಮ್ಮ ಬೀದಿಯಲ್ಲಿ ಯಾರೂ ಕರೆಯುವ ಹೆಸರು ಬದಲಿಸಲಿಲ್ಲ.

ಹಳೆಯದರಿಂದ ಶುರುಮಾಡುತ್ತೇನೆ. ಕದ್ರಿಯ ಮಂಜುನಾಥನ ಗುಡಿಯಲ್ಲಿ ಮೂರು ಮುಖ, ಆರು ಕೈಗಳ ಒಂದು ಕಂಚಿನ ವಿಗ್ರಹವಿದೆ. ಅದರ ಪೀಠದ ಶಾಸನದ ಪ್ರಕಾರ ಕ್ರಿ.ಶ. 968ರಲ್ಲಿ ಆಳುಪ ಅರಸ ಕುಂದವರ್ಮ ಕದರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರ ಅದು. ವಿಹಾರವೆಂದರೆ ಬೌದ್ಧರದ್ದು. ಈಗ ಅದು ಶಿವನ ಗುಡಿ, ಮೇಲೆ ಗುಡ್ಡದಲ್ಲಿ ನಾಥಪಂಥದ ಜೋಗಿಮಠ. ಬೌದ್ಧ, ನಾಥ, ಶೈವ ಮೂವರೂ ಒಂದೇ ಗುಡ್ಡದ ನೀರು ಕುಡಿದವರು. ಇಲ್ಲಿ ಯಾರು ಯಾರನ್ನು ಓಡಿಸಿದರು ಎಂಬ ಕತೆ ನನಗೆ ಬೇಡ. ವಿಗ್ರಹವನ್ನು ಯಾರೂ ಕರಗಿಸಲಿಲ್ಲವಲ್ಲ, ಸಾವಿರ ವರ್ಷ ಅದಕ್ಕೆ ಎಣ್ಣೆ ಬತ್ತಿ ಸಲ್ಲುತ್ತ ಬಂದಿದೆಯಲ್ಲ, ಆ ಸಂಗತಿ ಬರೆಸಿದರೆ ಸಾಕು.

ಬಂದರಿನಲ್ಲಿ ನೀವು ಫಲಕ ಹಾಕಿಸುವುದಾದರೆ ನನ್ನ ಮೊದಲ ಮತ ಅರಸನಿಗಲ್ಲ, ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಗೆ. ಟುನೀಶಿಯಾದ ಯೆಹೂದಿ. ಏಡನ್ ದಾರಿಯಾಗಿ ಬಂದು 1132ರ ಹೊತ್ತಿನಿಂದ 1149ರವರೆಗೆ ಈ ಕರಾವಳಿಯಲ್ಲೇ ನೆಲೆನಿಂತವನು. ಕಾಳುಮೆಣಸು, ಅಡಿಕೆ, ಕಬ್ಬಿಣ ಕಳುಹಿಸುತ್ತಿದ್ದ. ಇಲ್ಲೊಂದು ಕಂಚಿನ ಕಾರ್ಖಾನೆಯನ್ನೂ ಇಟ್ಟಿದ್ದ. ಏಡನ್ನಿನ ಗೆಳೆಯರು ಒಡೆದ ಪಾತ್ರೆಗಳನ್ನು ಹಡಗಿಗೆ ಹಾಕಿ ಕಳುಹಿಸಿದರೆ ಅವನ್ನು ಕರಗಿಸಿ ಹೊಸ ಪಾತ್ರೆ ಮಾಡಿಸಿ ತಿರುಗಿ ಕಳುಹಿಸುತ್ತಿದ್ದ. ಅವರು ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳುಹಿಸುತ್ತಿದ್ದರು. ಕಾಗದ ಯಾಕೆ? ನಮ್ಮಲ್ಲಿ ಆಗ ಬರೆಯುತ್ತಿದ್ದದ್ದು ತಾಳೆಗರಿಯ ಮೇಲೆ.

ಇವೆಲ್ಲ ಗೊತ್ತಾದದ್ದು ಕೈರೋದ ಒಂದು ಹಳೆಯ ಸಿನಗಾಗಿನ ಕೋಣೆಯಲ್ಲಿ ಶತಮಾನಗಟ್ಟಲೆ ರಾಶಿಬಿದ್ದಿದ್ದ ಕಾಗದಗಳಿಂದ. ದೇವರ ಹೆಸರು ಇರಬಹುದಾದ ಕಾಗದವನ್ನು ಎಸೆಯಬಾರದೆಂಬುದು ಅವರ ನಿಯಮ. ಹಾಗಾಗಿ ನಮ್ಮ ಬಂದರಿನ ಲೆಕ್ಕಪತ್ರ ಈಜಿಪ್ಟಿನಲ್ಲಿ ಉಳಿಯಿತು. ಅದರಲ್ಲಿ ಒಂದು ಪತ್ರ 1132ರ ಅಕ್ಟೋಬರ್ 17ರದ್ದು, ಮಂಗಳೂರಿನಲ್ಲೇ ಬರೆದದ್ದು. ಬೆನ್ ಯಿಜು ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ದಸ್ತಾವೇಜು ಅದು. ಅವಳು ನಾಯರ್ ಕುಲದವಳೆಂದು ವಿದ್ವಾಂಸರು ಹೇಳುತ್ತಾರೆ. ಅವಳನ್ನೇ ಅವನು ಮದುವೆಯಾದನೆಂದೂ ಮಕ್ಕಳಾದವೆಂದೂ ಹೇಳುತ್ತಾರೆ. ದಾಸಿ ಎಂಬ ಪದದ ಹತ್ತಿರ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಇದನ್ನು ಬರೇ ಪ್ರೇಮಕತೆಯ ಹಾಗೆ ಹೇಳಲಿಕ್ಕೆ ನನ್ನ ಬಾಯಿ ಬರುವುದಿಲ್ಲ, ಹಾಗೆಂದು ಅವಳ ಹೆಸರನ್ನು ಅಳಿಸಿಬಿಡುವುದೂ ಸರಿಯಲ್ಲ. ಈ ಊರಿನಲ್ಲಿ ಬದುಕಿದ, ದಿನಾಂಕ ಸಮೇತ ಹೆಸರು ಗೊತ್ತಿರುವ ಸಾಮಾನ್ಯ ಹೆಂಗಸರಲ್ಲಿ ಅಷ್ಟು ಹಳಬಳು ಇನ್ನೊಬ್ಬಳು ನನಗೆ ಗೊತ್ತಿಲ್ಲ.

ಅವನ ವ್ಯಾಪಾರದ ಕೈಯಾಳು ಬೊಮ್ಮ. ಅವನೂ ಕಾಗದಗಳಲ್ಲಿ ದಾಸನೆಂದೇ ದಾಖಲಾದವನು, ಆದರೆ ಧಣಿಯ ದುಡ್ಡು ಹಿಡಿದು ಏಡನ್ನಿಗೆ ಹೋಗಿಬರುತ್ತಿದ್ದ. ಒಮ್ಮೆ ಅಲ್ಲಿ ಕುಡಿದು ದುಡ್ಡು ಹಾಳುಮಾಡಿದನೆಂದು ಏಡನ್ನಿನ ವ್ಯಾಪಾರಿ ದೂರು ಬರೆದಿದ್ದಾನೆ. ಆಮೇಲಿನ ಪತ್ರಗಳಲ್ಲಿ ಅದೇ ಬೊಮ್ಮನಿಗೆ ಮರ್ಯಾದೆಯ ನಮಸ್ಕಾರಗಳೂ ಇವೆ. ಬೊಮ್ಮ! ನಮ್ಮ ಕಡೆ ಈಗಲೂ ಕಿವಿಗೆ ಬೀಳುವಂಥ ಹೆಸರು. ಅವನು, ಯೆಹೂದಿ ಧಣಿ, ಅರಬ್ಬಿ ಹಡಗಿನ ಯಜಮಾನ ಎಲ್ಲರೂ ಒಂದೇ ಬಂದರಿನ ಧಕ್ಕೆಯಲ್ಲಿ ಓಡಾಡಿದವರು. ಆ ರಾಶಿ ಕಾಗದದಲ್ಲಿ ಸಾಲ, ಸರಕು, ಮುಳುಗಿದ ಹಡಗು, ಮದುವೆಯ ಚಿಂತೆ ಎಲ್ಲವೂ ಇದೆ. ನೀನು ಯಾವ ಅರಸನ ಕಡೆ ಎಂದು ಬೆನ್ ಯಿಜುವನ್ನು ಯಾರಾದರೂ ಕೇಳಿದ್ದು ನಾನು ಓದಿದ ಮಟ್ಟಿಗೆ ಕಾಣಲಿಲ್ಲ. ಆಳುಪರಿಗೆ ಸುಂಕ ಬರುತ್ತಿತ್ತು, ಅಷ್ಟು ಸಾಕಿತ್ತೋ ಏನೋ.

ಇನ್ನೂರು ವರ್ಷದ ನಂತರ, 1342ರ ಸುಮಾರಿಗೆ ಇಬ್ನ್ ಬತೂತ ಬಂದ. ಊರಿನ ಪಕ್ಕದ ಕೇರಿಯಲ್ಲಿ ಸುಮಾರು 4,000 ಮುಸ್ಲಿಮರು ಇದ್ದಾರೆ, ಪರ್ಶಿಯಾ ಮತ್ತು ಯೆಮನ್ ಕಡೆಯ ವ್ಯಾಪಾರಿಗಳು ಇಳಿಯುವುದು ಇಲ್ಲೇ, ಮೆಣಸು ಶುಂಠಿ ಇಲ್ಲಿ ಧಾರಾಳ ಎಂದು ಬರೆದಿದ್ದಾನೆ. ಅವನ ಇನ್ನೊಂದು ಮಾತು ನನಗೆ ಬಹಳ ಇಷ್ಟ. ಈ ವ್ಯಾಪಾರಿಗಳಿಗೂ ಊರವರಿಗೂ ಆಗಾಗ ಜಗಳ ಹತ್ತಿಕೊಳ್ಳುತ್ತದೆ. ಅರಸನಿಗೆ ವ್ಯಾಪಾರಿಗಳು ಬೇಕಾದ್ದರಿಂದ ಅವನೇ ಬಂದು ರಾಜಿ ಮಾಡಿಸುತ್ತಾನೆ. ಸೌಹಾರ್ದದ ಭಾಷಣ ಮಾಡುವವರು ಮೊದಲರ್ಧ ಬಿಡುತ್ತಾರೆ, ದ್ವೇಷದ ಭಾಷಣ ಮಾಡುವವರು ಎರಡನೆಯರ್ಧ ಬಿಡುತ್ತಾರೆ. ಫಲಕದಲ್ಲಿ ಎರಡೂ ಇರಲಿ. ಜಗಳ ಆಗುತ್ತಿತ್ತು. ರಾಜಿಯೂ ಆಗುತ್ತಿತ್ತು. ರಾಜಿಯ ಹಿಂದೆ ಇದ್ದದ್ದು ದೊಡ್ಡ ಮನಸ್ಸಿಗಿಂತ ಹೆಚ್ಚಾಗಿ ಮೆಣಸಿನ ಮೂಟೆ.

ವಿಜಯನಗರದ ಕಾಲವನ್ನು ಬೇಗ ದಾಟುತ್ತೇನೆ. ಬಾರ್ಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡು ಆಡಳಿತ ಭಾಗ ಮಾಡಿ ರಾಜ್ಯಪಾಲರನ್ನು ಕಳುಹಿಸುತ್ತಿದ್ದರು. ಒಳಗೆ ಬಂಗರು, ಚೌಟರು, ಅಜಿಲರು ಮುಂತಾದ ತುಳುನಾಡಿನ ಅರಸರು ತಮ್ಮ ತಮ್ಮ ಮಾಗಣೆಗಳನ್ನು ನೋಡಿಕೊಳ್ಳುತ್ತಿದ್ದರು.

ಪೋರ್ಚುಗೀಸರು ಬಂದಮೇಲೆ ಕಡಲಿನಲ್ಲೇ ಆ ಪ್ರಶ್ನೆ ಎದ್ದಿತು. ಅವರ ಕೈಯ ಕಾಗದ, ಕರ್ತಾಜ್ ಎಂಬ ರಹದಾರಿ ಇಲ್ಲದ ಹಡಗು ಕಂಡರೆ ಸುಟ್ಟರು, ಹಿಡಿದರು. ಅಲ್ಲಿಯವರೆಗೆ ಕಡಲಿಗೆ ಯಜಮಾನನಿರಲಿಲ್ಲ. 1568ರಲ್ಲಿ ಇಲ್ಲಿ ಸಂತ ಸೆಬಾಸ್ಟಿಯನ್ನನ ಹೆಸರಿನ ಕೋಟೆ ಕಟ್ಟಿದರು; ರೊಸಾರಿಯೋ ಇಗರ್ಜಿಯ ಮೂಲವೂ ಅದೇ ವರ್ಷದ್ದು. ಅಷ್ಟೆಲ್ಲ ಹಟ ಅವರಿಗೆ ಯಾಕೆಂದರೆ ಗೋವೆಯ ಹೊಟ್ಟೆ ತುಂಬುತ್ತಿದ್ದದ್ದು ಮಂಗಳೂರು, ಬಸ್ರೂರು, ಹೊನ್ನಾವರದ ಅಕ್ಕಿಯಿಂದ. ಕೋಟೆ ಕಟ್ಟಿದ್ದು ಅಕ್ಕಿಗೆ! ಮಂಡಿ ಗುಮಾಸ್ತರ ಮಗನಿಗೆ ಇದು ಕೇಳಿ ಸ್ವಲ್ಪ ಹೆಮ್ಮೆಯೇ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಅವರನ್ನು ಎದುರಿಸಿದ ಉಳ್ಳಾಲದ ಚೌಟ ರಾಣಿ ಅಬ್ಬಕ್ಕನಿಗೆ ಪ್ರತಿಮೆಗಳು ಆಗಿವೆ, ಒಳ್ಳೆಯದು. ಪ್ರತಿಮೆಯಲ್ಲಿ ಕುದುರೆ, ಕತ್ತಿ ಇರುತ್ತವೆ. 1623ರಲ್ಲಿ ಪಿಯೆತ್ರೋ ದೆಲ್ಲಾ ವಲ್ಲೆ ಎಂಬ ಇಟಲಿಯ ಪ್ರವಾಸಿ ಮಾಣೇಲು ಎಂಬಲ್ಲಿ ಕಂಡ ಉಳ್ಳಾಲದ ರಾಣಿ ಬೇರೆ ಥರ. ನೀರಿನ ಕಾಲುವೆಯ ಕೆಲಸ ನೋಡಿಕೊಂಡು ಬರಿಗಾಲಲ್ಲಿ ನಡೆದು ಬರುತ್ತಿದ್ದಳು, ತಲೆಗೆ ಓಲೆಯ ಛತ್ರಿ. ಉಡುಪು ನೋಡಿದರೆ ಅಡುಗೆಯವಳ ಹಾಗಿದ್ದಳು, ಬಾಯಿ ತೆರೆದು ಮಾತಾಡಿದಾಗ ರಾಣಿಯೆಂದು ಗೊತ್ತಾಯಿತು ಎಂಬರ್ಥದಲ್ಲಿ ಆತ ಬರೆದಿದ್ದಾನೆ. ಕಾಲುವೆಯ ಪಕ್ಕ ನಿಂತ ರಾಣಿಯ ಒಂದು ಪ್ರತಿಮೆಯನ್ನು ಯಾರಾದರೂ ಮಾಡಿಸಿದರೆ ನನ್ನ ಪಿಂಚಣಿಯಲ್ಲಿ ಒಂದು ಪಾಲು ಕೊಡುತ್ತೇನೆ. ಆ ಹೊತ್ತಿಗೆ ಅವಳು ಇಕ್ಕೇರಿಯ ವೆಂಕಟಪ್ಪ ನಾಯಕನ ಕಡೆ, ಬಂಗ ಅರಸ ಪೋರ್ಚುಗೀಸರ ಕಡೆ. ಇಬ್ಬರೂ ಜೈನರು, ಇಬ್ಬರೂ ತುಳುವರು, ಸಾಲದ್ದಕ್ಕೆ ನೆಂಟರು. ಜಾತಿ, ಭಾಷೆ, ಮತ ನೋಡಿ ಯಾರು ಯಾರ ಕಡೆ ಎಂದು ಹೇಳಿಬಿಡುತ್ತೇವೆ ಎನ್ನುವವರು ಈ ಒಂದು ಲೆಕ್ಕ ಬಿಡಿಸಿ ನೋಡಲಿ.

ಆಮೇಲೆ 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರನ್ನು ಇಲ್ಲಿಂದ ಎಬ್ಬಿಸಿದ. ಕೆಳದಿಯವರ ಕಾಲದಲ್ಲಿ ಗೋವೆಯಿಂದ ಕೊಂಕಣಿ ಕ್ರೈಸ್ತರು ಗುಂಪುಗುಂಪಾಗಿ ಬಂದರು. ಇಲ್ಲಿ ಒಂದು ವಿಚಿತ್ರ ಗಮನಿಸಬೇಕು. ಅವರು ಬಂದದ್ದು ಪೋರ್ಚುಗೀಸ್ ಆಳ್ವಿಕೆಯನ್ನು ಬಿಟ್ಟು. 1560ರಲ್ಲಿ ಗೋವೆಯಲ್ಲಿ ಶುರುವಾದ ಇನ್‌ಕ್ವಿಸಿಷನ್, ತೆರಿಗೆ, ಬರಗಾಲ, ಮರಾಠರ ದಾಳಿ ಎಲ್ಲವೂ ಸೇರಿ ಅವರನ್ನು ದಕ್ಷಿಣಕ್ಕೆ ದೂಡಿತು. ಅವರಿಗೂ ಮೊದಲು, ಅದೇ ಗೋವೆಯಿಂದ, ಮತ ಬಿಡಲೊಪ್ಪದ ಗೌಡ ಸಾರಸ್ವತರು ದೇವರನ್ನು ಹೊತ್ತು ಬಂದಿದ್ದರು. ಕ್ರೈಸ್ತರು ಒಳ್ಳೆಯ ಬೇಸಾಯಗಾರರೆಂದು ಕೆಳದಿಯವರು ಭೂಮಿ ಕೊಟ್ಟರು. ಹೀಗೆ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಬಂದವರನ್ನೇ ನೂರಿಪ್ಪತ್ತು ವರ್ಷದ ನಂತರ ಪರಂಗಿಗಳ ಕಡೆಯವರೆಂದು ಹಿಡಿಯಲಾಯಿತು.

ಇನ್ನು ಸುಲ್ತಾನ್ ಬತ್ತೇರಿ. ಇಲ್ಲಿ ನಿಧಾನ ಮಾಡುತ್ತೇನೆ, ಯಾಕೆಂದರೆ ಫಲಕ ಬರೆಸುವವರಿಗೆ ಅತಿ ಕಷ್ಟದ ಜಾಗ ಇದೇ.

1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಗೆದ್ದ ಹೈದರಲಿಗೆ ಮಂಗಳೂರು ಸಿಕ್ಕಿತು. ಮೈಸೂರಿಗೆ ಮೊದಲ ಸಲ ಒಳ್ಳೆಯದೊಂದು ಬಂದರು. ಅವನು ಇಲ್ಲಿ ಹಡಗು ಕಟ್ಟಿಸಿದ. ಇಂಗ್ಲಿಷರು 1768ರಲ್ಲಿ ಒಮ್ಮೆ ಹಿಡಿದು ಕಳಕೊಂಡರು. 1783ರ ಮಾರ್ಚಿನಲ್ಲಿ ಮತ್ತೆ ಹಿಡಿದರು. ಮೇ ತಿಂಗಳಲ್ಲಿ ಟಿಪ್ಪು ದೊಡ್ಡ ಸೈನ್ಯ ತಂದು ಮುತ್ತಿದ, ಜೊತೆಗೆ ಫ್ರೆಂಚರಿದ್ದರು. ಯುರೋಪಿನಲ್ಲಿ ಇಂಗ್ಲಿಷರೂ ಫ್ರೆಂಚರೂ ರಾಜಿಯಾದ ಸುದ್ದಿ ಬಂದದ್ದೇ ಫ್ರೆಂಚರು ಯುದ್ಧ ನಿಲ್ಲಿಸಿ ಬದಿಗೆ ನಿಂತರು. ಎಲ್ಲಿಯ ಪ್ಯಾರಿಸ್, ಎಲ್ಲಿಯ ನೇತ್ರಾವತಿ! ಕೋಟೆಯೊಳಗೆ ಕರ್ನಲ್ ಕ್ಯಾಂಬೆಲ್ಲನ ಕೈಕೆಳಗೆ ಸ್ಕಾಟ್ಲೆಂಡಿನ ಸಿಪಾಯಿಗಳೂ ಮುಂಬಯಿಯ ಸಿಪಾಯಿಗಳೂ ಹಸಿವಿನಲ್ಲಿ, ರೋಗದಲ್ಲಿ ಸತ್ತರು. 1784ರ ಜನವರಿ 30ರಂದು ಕೋಟೆ ಟಿಪ್ಪುವಿನ ವಶವಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಭಾರತದ ಅರಸನೊಬ್ಬ ಕಂಪನಿಯವರ ಜೊತೆ ಸರಿಸಮನಾಗಿ ಕೂತು ಮಾಡಿಕೊಂಡ ಕೊನೆಯ ಒಪ್ಪಂದಗಳಲ್ಲಿ ಅದೊಂದು ಎಂದು ಎಲ್ಲ ಪಾಠಗಳಲ್ಲಿ ಬರುತ್ತದೆ, ಸರಿಯಾದ ಮಾತೇ.

ಈ ಎರಡು ದಿನಾಂಕಗಳ ನಡುವೆ ಮೂರನೆಯದೊಂದಿದೆ. 1784ರ ಫೆಬ್ರವರಿ 24. ಮುತ್ತಿಗೆಯ ಕಾಲದಲ್ಲಿ ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಆರೋಪದ ಮೇಲೆ ಕೆನರಾದ ಕ್ರೈಸ್ತರನ್ನು ಟಿಪ್ಪುವಿನ ಆಜ್ಞೆಯಂತೆ ಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಎಷ್ಟು ಜನ ಎಂಬುದಕ್ಕೆ ಲೆಕ್ಕಗಳು 30,000ದಿಂದ 80,000ದವರೆಗೆ ಹರಡಿವೆ. ದಾರಿಯಲ್ಲಿ ಸತ್ತವರು, ಮತಾಂತರಗೊಂಡವರು, ಸೈನ್ಯಕ್ಕೆ ಸೇರಿಸಲ್ಪಟ್ಟವರು ಎಲ್ಲ ಇದ್ದರು. 1680ರಲ್ಲಿ ಕಟ್ಟಿದ್ದ ಮಿಲಾಗ್ರಿಸ್ ಸೇರಿ ಹಲವು ಇಗರ್ಜಿಗಳನ್ನು ಕೆಡವಿದರು. ಆ ಕಲ್ಲುಗಳಲ್ಲೇ ಬತ್ತೇರಿ ಕಟ್ಟಿದ್ದೆಂದು ಊರಲ್ಲಿ ಹೇಳುವುದುಂಟು. ಬದುಕುಳಿದವರು ವಾಪಸಾದದ್ದು 1799ರ ಮೇ 4ರಂದು ಟಿಪ್ಪು ಸತ್ತ ಮೇಲೆ, ಹದಿನೈದು ವರ್ಷಗಳ ನಂತರ. ಮಕ್ಕಳಾಗಿ ಹೋದವರು ಮಕ್ಕಳನ್ನು ಕಟ್ಟಿಕೊಂಡು ಬಂದರು. ಅವರ ಗದ್ದೆಗಳಲ್ಲಿ ಬೇರೆಯವರು ಉಳುತ್ತಿದ್ದರು.

ಅವರಲ್ಲಿ ಕೆಲವರು ಇಂಗ್ಲಿಷರಿಗೆ ನೆರವಾಗಿರಬಹುದು. ಹಾಗೆ ನೋಡಿದರೆ ಬಂದರಿನಲ್ಲಿ ಬೇರೆ ಬೇರೆಯವರೂ ಬೇರೆ ಬೇರೆ ಸೈನ್ಯಕ್ಕೆ ಅಕ್ಕಿ ಮಾರಿರಬಹುದು. ವ್ಯಾಪಾರಿಗೆ ಎದುರಿಗಿರುವವನೇ ಗಿರಾಕಿ. ಶಿಕ್ಷೆ ಮಾತ್ರ ಒಂದಿಡೀ ಸಮುದಾಯಕ್ಕೆ ಬಿತ್ತು, ಹಾಲು ಕುಡಿಯುವ ಕೂಸಿಗೂ ಬಿತ್ತು. ಇದನ್ನು ಬರೆದರೆ ಒಂದು ಗುಂಪು ನನ್ನನ್ನು ಟಿಪ್ಪು ದ್ವೇಷಿ ಎನ್ನುತ್ತದೆ. ಅದೇ ಟಿಪ್ಪು ಬಂದರಿನ ಹಳೆಯ ಜುಮ್ಮಾ ಮಸೀದಿಯನ್ನು ಜೀರ್ಣೋದ್ಧಾರ ಮಾಡಿಸಿದ, ಝೀನತ್ ಬಕ್ಷ್ ಎಂಬ ಹೆಸರು ಅವನ ಕಾಲದ್ದು, ಆ ಮರದ ಕಂಬಗಳ ಕೆತ್ತನೆ ನೋಡಿ ಕಣ್ಣು ತಂಪಾಗುತ್ತದೆ ಎಂದರೆ ಇನ್ನೊಂದು ಗುಂಪು ಬೇರೆ ಹೆಸರಿಟ್ಟು ಕರೆಯುತ್ತದೆ. ಇನ್ನೂರ ನಲ್ವತ್ತು ವರ್ಷದ ನಂತರವೂ ಅದೇ ಪ್ರಶ್ನೆ, ಮಾರಾಯ್ರೇ. ಯಾರ ಕಡೆ?

ಆದ್ದರಿಂದ ಬತ್ತೇರಿಯ ಫಲಕಕ್ಕೆ ನನ್ನ ಕರಡು ಇದು: "1784ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ಕಾವಲು ಬುರುಜು. ಇಂಗ್ಲಿಷರ ಯುದ್ಧನೌಕೆಗಳು ಗುರುಪುರ ಹೊಳೆಯನ್ನು ಪ್ರವೇಶಿಸದಂತೆ ತಡೆಯುವುದು ಇದರ ಉದ್ದೇಶ. ಅದೇ ವರ್ಷ ಫೆಬ್ರವರಿ 24ರಂದು ಇಲ್ಲಿನ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಉಳಿದವರು 1799ರಲ್ಲಿ ಮರಳಿದರು. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು." ಒಂದೂ ವಿಶೇಷಣವಿಲ್ಲ. ವೀರ, ಕ್ರೂರ, ಹುಲಿ ಯಾವುದೂ ಬೇಡ. ಓದುವವರಿಗೆ ಬುದ್ಧಿಯಿದೆ.

ಬಾವುಟಗುಡ್ಡೆಯದ್ದು ಇನ್ನೊಂದು ಥರದ ತೊಡಕು. 1834ರಲ್ಲಿ ಇಂಗ್ಲಿಷರು ಕೊಡಗನ್ನು ನುಂಗಿದಾಗ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾಕ್ಕೆ ಸೇರಿಸಿದರು. ಕೊಡಗಿನ ಅರಸರ ಕಾಲದಲ್ಲಿ ಭತ್ತ, ಅಡಿಕೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತನಿಗೆ ಈಗ ನಗದು ಕಟ್ಟು ಎಂದರು. ನಗದು ಎಲ್ಲಿಂದ ಬರಬೇಕು? ಸಾಹುಕಾರನ ಹತ್ತಿರ. ಆ ಹೊಟ್ಟೆಯುರಿಯೊಂದಿಗೆ 1837ರ ಏಪ್ರಿಲಿನಲ್ಲಿ ಕೆದಂಬಾಡಿ ರಾಮಯ್ಯ ಗೌಡರು, ಕಲ್ಯಾಣಸ್ವಾಮಿ ಎಂಬ ಹೆಸರಿಟ್ಟುಕೊಂಡ ಪುಟ್ಟಬಸಪ್ಪ, ನಂದಾವರದ ಲಕ್ಷ್ಮಪ್ಪ ಬಂಗರಸ ಎಲ್ಲ ಸೇರಿ ದಂಡು ಕಟ್ಟಿಕೊಂಡು ಮಂಗಳೂರಿಗೆ ನುಗ್ಗಿದರು. ಬಾವುಟಗುಡ್ಡೆಯಲ್ಲಿ ಇಂಗ್ಲಿಷರ ಬಾವುಟ ಇಳಿಸಿ ತಮ್ಮದನ್ನು ಏರಿಸಿದರು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ಕಣ್ಣೂರಿನಿಂದ ಸೈನ್ಯ ಬಂತು. ಸಿಕ್ಕವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು.

ಈಗ ಅದಕ್ಕೆ ಅಮರ ಸುಳ್ಯ ಸ್ವಾತಂತ್ರ್ಯ ಸಮರ ಎಂಬ ಹೆಸರಿದೆ. 2022ರ ನವೆಂಬರಿನಲ್ಲಿ ರಾಮಯ್ಯ ಗೌಡರ ಪ್ರತಿಮೆಯೂ ಗುಡ್ಡೆಯ ಮೇಲೆ ನಿಂತಿತು. 1857ಕ್ಕೂ ಇಪ್ಪತ್ತು ವರ್ಷ ಮೊದಲಿನ ದಂಗೆ, ಗೌರವ ಸಲ್ಲಬೇಕಾದ್ದೇ. ಆದರೆ ನನ್ನ ಅಜ್ಜಿ ಅದನ್ನು ಕರೆಯುತ್ತಿದ್ದದ್ದು "ಕಲ್ಯಾಣಪ್ಪನ ಕಾಟಕಾಯಿ". ಅಜ್ಜಿಯೊಬ್ಬಳೇ ಅಲ್ಲ, ಊರೆಲ್ಲ ಹಾಗೇ ಕರೆಯುತ್ತಿತ್ತು. ಕಾಟಕಾಯಿ ಎಂದರೆ ಲೂಟಿ, ದಾಂಧಲೆ. ಇಂಗ್ಲಿಷರು ಕಲಿಸಿದ ಪದ ಎನ್ನುವವರಿದ್ದಾರೆ, ಇರಬಹುದು. ಆದರೆ ಹಳ್ಳಿಯಿಂದ ದಂಡು ಬಂದಾಗ ಪೇಟೆಯ ಅಂಗಡಿಯವನು ಬಾಗಿಲು ಹಾಕಿ ನಡುಗಿದ್ದೂ ಇರಬಹುದು. ರೈತನ ಸಿಟ್ಟೂ ನಿಜ, ಅಂಗಡಿಯವನ ಹೆದರಿಕೆಯೂ ನಿಜ. ಆ ತುಳು ಹೆಸರನ್ನು ಅವಮಾನವೆಂದು ಅಳಿಸಿಹಾಕಬೇಡಿ. ಹೊಸ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಾದರೂ ಅದು ಇರಲಿ, ಊರು ಅದನ್ನು ಹೇಗೆ ನೆನಪಿಟ್ಟುಕೊಂಡಿತ್ತು ಎಂಬುದಕ್ಕೆ ಸಾಕ್ಷಿಯಾಗಿ.

ಕೊಡಗು ಇಂಗ್ಲಿಷರ ಪಾಲಾದ ಅದೇ 1834ರಲ್ಲಿ ಬಾಸೆಲ್ ಮಿಶನ್ನಿನ ಮೂವರು ಪಾದ್ರಿಗಳು ಇಲ್ಲಿಗೆ ಬಂದರು. ಅವರ ಮೇಲೆ ಬರೆಯುತ್ತ ಹೋದರೆ ಪತ್ರ ಮುಗಿಯುವುದಿಲ್ಲ. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಮಂಗಳೂರ ಸಮಾಚಾರ ಹೊರತಂದರು, ಕನ್ನಡದ ಮೊದಲ ಪತ್ರಿಕೆ. ಈಗಲೂ ನಮ್ಮ ಪತ್ರಿಕಾ ದಿನ ಅದೇ. 1865ರಲ್ಲಿ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ. ಮೆನ್ನರ್ ಪಾದ್ರಿಯ ತುಳು ನಿಘಂಟು 1886ರಲ್ಲಿ, ಕಿಟೆಲರ ಕನ್ನಡ ನಿಘಂಟು 1894ರಲ್ಲಿ, ಎರಡೂ ಇಲ್ಲಿಯ ಅಚ್ಚುಕೂಟದಲ್ಲೇ. ಮತಾಂತರಕ್ಕೆ ಬಂದವರೆಂಬುದನ್ನು ಮರೆಮಾಚಬೇಕಿಲ್ಲ. ಜಾತಿ ಬಿಟ್ಟು ಬಂದು ಕಸುಬು ಕಳಕೊಂಡವರಿಗೆ ಕೆಲಸ ಕೊಡಲೆಂದೇ ಮಗ್ಗ, ಹಂಚು ಶುರುವಾದದ್ದು ಎಂಬುದನ್ನೂ ಮರೆಮಾಚಬೇಕಿಲ್ಲ.

1914ರಲ್ಲಿ ಯುರೋಪಿನಲ್ಲಿ ಯುದ್ಧ ಹತ್ತಿದ್ದೇ ಆ ಪ್ರಶ್ನೆ ಮಿಶನ್ನಿನವರ ನೆಲೆಯಾದ ಬಲ್ಮಠದ ಗುಡ್ಡ ಹತ್ತಿತು. ಮಿಶನ್ನಿನ ಕೇಂದ್ರ ಸ್ವಿಜರ್ಲೆಂಡಿನಲ್ಲಿದ್ದರೂ ಪಾದ್ರಿಗಳಲ್ಲಿ ಹೆಚ್ಚಿನವರು ಜರ್ಮನರು. ಇಂಗ್ಲಿಷ್ ಸರಕಾರಕ್ಕೆ ಅವರು ವೈರಿ ದೇಶದವರು. ಅವರನ್ನು ಬಂಧನದಲ್ಲಿಟ್ಟು ಆಮೇಲೆ ದೇಶದಿಂದ ಹೊರಗೆ ಹಾಕಿದರು. ಕಾರ್ಖಾನೆಗಳನ್ನು ವಶಪಡಿಸಿಕೊಂಡು ಕಾಮನ್‌ವೆಲ್ತ್ ಟ್ರಸ್ಟಿಗೆ ಕೊಟ್ಟರು. ತುಳು ಗಾದೆಗಳನ್ನೂ ಪಾಡ್ದನವೆಂಬ ಜನಪದ ಹಾಡುಗಳನ್ನೂ ಮುದ್ರಿಸಿದವರ ಮನೆಯವರು ತುಳುನಾಡನ್ನು ಬಿಟ್ಟುಹೋದರು. 1784ರ ಘೋರಕ್ಕೂ ಇದಕ್ಕೂ ಅಳತೆಯಲ್ಲಿ ಹೋಲಿಕೆಯೇ ಇಲ್ಲ, ನಾನು ಹೋಲಿಸುತ್ತಲೂ ಇಲ್ಲ. ಸಂಶಯ ಪಡುವ ಕ್ರಮ ಮಾತ್ರ ಒಂದೇ: ಎಲ್ಲೋ ಎರಡು ಸಿಂಹಾಸನಗಳು ಜಗಳಾಡುತ್ತವೆ, ಇಲ್ಲಿ ನೆರೆಮನೆಯವನು ರಾತ್ರಿ ಬೆಳಗಾಗುವುದರೊಳಗೆ ಹೊರಗಿನವನಾಗುತ್ತಾನೆ.

ಕೊನೆಯ ಗಡಿ ಭಾಷೆಯದ್ದು. 1862ರಲ್ಲಿ ಕೆನರಾವನ್ನು ಎರಡು ಮಾಡಿ ಉತ್ತರವನ್ನು ಮುಂಬಯಿಗೆ ಕೊಟ್ಟು ನಮ್ಮನ್ನು ಮದರಾಸಿನಲ್ಲೇ ಉಳಿಸಿದರು. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಎಂಬ ಬಿರುದು ಕೊಟ್ಟದ್ದು ಮದರಾಸು ಸರಕಾರ ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಕಾಸರಗೋಡು ಕೇರಳಕ್ಕೆ ಹೋಯಿತು. ಮಂಜೇಶ್ವರ ಆಚೆ ಉಳಿಯಿತು, ಅಂದರೆ ಗೋವಿಂದ ಪೈಗಳ ಮನೆಯೂ. ನನ್ನ ಸೋದರತ್ತೆಯ ಮನೆಯೂ ಆಚೆ. ತಲಪಾಡಿಯ ಗೇಟು ದಾಟುವಾಗ ಅಪ್ಪ ಪ್ರತಿ ಸಲ, "ಈಗ ನಾವು ವಿದೇಶದಲ್ಲಿ" ಎಂದು ಅದೇ ತಮಾಷೆ ಮಾಡುತ್ತಿದ್ದರು. ಅತ್ತೆ ನಗುತ್ತಿರಲಿಲ್ಲ.

ಇಷ್ಟೆಲ್ಲ ಬರೆದ ಮೇಲೆ ನಿಮಗೆ ಅನಿಸಬಹುದು, ಮೂರಡಿ ಫಲಕದಲ್ಲಿ ಇವನ್ನೆಲ್ಲ ತುರುಕುವುದು ಹೇಗೆ ಎಂದು. ತುರುಕಬೇಡಿ. ಬಿಸಿಲಲ್ಲಿ ನಿಂತವರು ಐವತ್ತು ಅರವತ್ತು ಪದಕ್ಕಿಂತ ಹೆಚ್ಚು ಓದುವುದಿಲ್ಲ. ಒಂದೊಂದು ಜಾಗಕ್ಕೆ ಆ ಜಾಗದ ಮಾತು ಸಾಕು: ಕದ್ರಿಯಲ್ಲಿ ವಿಹಾರ ಎಂಬ ಪದ, ಧಕ್ಕೆಯಲ್ಲಿ ಅಶು ಮತ್ತು ಬೊಮ್ಮನ ಹೆಸರು, ಬಾವುಟಗುಡ್ಡೆಯಲ್ಲಿ ಎರಡೂ ಹೆಸರು, ಬಲ್ಮಠದಲ್ಲಿ 1843ರ ಜೊತೆ 1914. ಊರಿನ ಹೆಸರನ್ನು ಎಲ್ಲ ಫಲಕಗಳ ತಲೆಯಲ್ಲೂ ಕರೆಯುವವರು ಕರೆಯುವ ಹಾಗೆ, ಸಾಲಾಗಿ. ಅರಸರೇ ಬೇಕೆಂದು ಹಟ ಮಾಡುವವರಿಗೆ ನಮ್ಮ ಬಸ್ಸಿನ ಕಂಡಕ್ಟರುಗಳನ್ನು ತೋರಿಸಿ. ಆಳುಪರಿಂದ ಇಂಗ್ಲಿಷರವರೆಗೆ ಇಷ್ಟು ಜನ ಆಳಿ ಹೋದ ಊರಿನ ನಡುಮಧ್ಯಕ್ಕೆ ಅವರು ಕೂಗುವುದು "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಎಂದೇ.

ಆರು ಜಾಗಗಳಿಗೆ ಕರಡು ಬರೆದಿಟ್ಟಿದ್ದೇನೆ. ಕೊಂಕಣಿಯದ್ದನ್ನು ಪಕ್ಕದ ಮನೆಯ ಬಾಯಿ ನೋಡಿ ಮೂರು ತಪ್ಪು ತಿದ್ದಿಕೊಟ್ಟರು. ಬ್ಯಾರಿಯದ್ದನ್ನು ಅಪ್ಪನ ಜೊತೆ ಮಂಡಿಯಲ್ಲಿದ್ದವರ ಮಗ ಬರೆದುಕೊಡುತ್ತೇನೆಂದು ಹೇಳಿ ಒಂದು ವಾರವಾಯಿತು, ಇನ್ನೂ ಬಂದಿಲ್ಲ. ಬಂದ ಮೇಲೆ ಎಲ್ಲವನ್ನೂ ಒಟ್ಟಿಗೆ ತಂದುಕೊಡುತ್ತೇನೆ. ಯಾವ ಮೇಜಿಗೆ ಕೊಡಬೇಕು ಎಂದು ಮಾತ್ರ ತಿಳಿಸಿ.

ಇತಿ,
ಬಂದರಿನ ಒಬ್ಬ ಹಳೆಯ ನಿವಾಸಿ